ಇಳಿಜಾರಿನ ಪಟಪಟ ಸದ್ದು ಮತ್ತು ಗಾಳಿ ಪೈಪಿನ ವಿಚಾರ

ಪುಣೆಯ ಕಾತ್ರಜ ಘಾಟಿ ಇಳಿಯುವಾಗ ಎಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್ ಪಟಪಟನೆ ಸಿಡಿಯುತ್ತದೆ ಎಂಬ ದೂರು ಚಿಂಚವಡದ ನನ್ನ ಗ್ಯಾರೇಜಿಗೆ ಮೇಲಿಂದ ಮೇಲೆ ಬರುತ್ತದೆ. ಕಳೆದ ಮಳೆಗಾಲದಲ್ಲಿ ಚಾಕಣದಲ್ಲಿ ದುಡಿಯುವ ಇಂಡಿ ಕಡೆಯ ಹುಡುಗನೊಬ್ಬ ಕಾರ್ಬುರೇಟರಿನ ಹಳೆಯ ಬೈಕ್ ತಂದು, "ಕಾಕಾ, ಆ ಗಾಳಿ ಪೈಪ್ ಕಿತ್ತು ಪ್ಲೇಟ್ ಹೊಡದ್ ಬಿಡ್ರಿ, ಪಿಕಪ್‌ನೂ ಹೆಚ್ಚಾಗ್ತದ ಅಂತಾರ" ಎಂದ. ಪೈಪ್ ಕಿತ್ತ ಜಾಗವನ್ನು ಲೋಹದ ತಗಡಿನಿಂದ ಮುಚ್ಚುವುದಕ್ಕೆ ಪ್ಲೇಟ್ ಹೊಡೆಯುವುದು ಎನ್ನುತ್ತಾರೆ.

ಪಿಕಪ್ ಹೆಚ್ಚುವುದಿಲ್ಲ. ಈ ಪೈಪು ಏರ್ ಫಿಲ್ಟರ್ ಡಬ್ಬಿಯಿಂದ ಶುದ್ಧ ಗಾಳಿಯನ್ನು ತಂದು ಎಕ್ಸಾಸ್ಟ್ ವಾಲ್ವಿನ ಆಚೆಗೆ, ಅಂದರೆ ಎಂಜಿನ್ ತನ್ನ ಕೆಲಸ ಮುಗಿಸಿದ ಮೇಲೆ, ಬಿಸಿ ಹೊಗೆಯೊಳಗೆ ಬಿಡುತ್ತದೆ. ಹೊಗೆ ಅಲೆಅಲೆಯಾಗಿ ಹೊರಬೀಳುವಾಗ ನಡುನಡುವೆ ಒತ್ತಡ ಕುಸಿಯುತ್ತದೆ. ಆ ಕ್ಷಣದಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ತೆಳುವಾದ ಉಕ್ಕಿನ ರೀಡ್ ವಾಲ್ವ್ ತೆರೆದು ಗಾಳಿ ಒಳಸೇರುತ್ತದೆ, ಉರಿಯದೆ ಉಳಿದ ಪೆಟ್ರೋಲಿನ ಅಂಶವೂ ಕಾರ್ಬನ್ ಮೊನಾಕ್ಸೈಡೂ ಅಲ್ಲಿಯೇ ಉರಿದುಹೋಗುತ್ತವೆ. ಇದಕ್ಕೆ ಯಮಹಾದವರು ಎಐಎಸ್ (ಏರ್ ಇಂಡಕ್ಷನ್ ಸಿಸ್ಟಮ್) ಎನ್ನುತ್ತಾರೆ, ಸುಜುಕಿಯವರು ಪೇರ್ ಎನ್ನುತ್ತಾರೆ; ತತ್ತ್ವ ಒಂದೇ.

ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟು ಥ್ರಾಟಲ್ ಮುಚ್ಚಿದಾಗ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಪೆಟ್ರೋಲು ಹೊರಗೆ ಬರುತ್ತದೆ, ಅದಕ್ಕೆ ಆಗ ಹೊಸ ಗಾಳಿ ಸಿಕ್ಕರೆ ಪೈಪಿನಲ್ಲೇ ಸಿಡಿಯುತ್ತದೆ. ಇದನ್ನು ತಡೆಯಲೆಂದೇ ಕಾರ್ಬುರೇಟರ್ ಗಾಡಿಗಳಲ್ಲಿ ಒಂದು ಕಟ್-ಆಫ್ ವಾಲ್ವ್ ಇರುತ್ತದೆ: ಇನ್‌ಟೇಕಿನ, ಅಂದರೆ ಎಂಜಿನ್ನಿಗೆ ಗಾಳಿ-ಪೆಟ್ರೋಲು ಹೋಗುವ ದಾರಿಯ, ನಿರ್ವಾತವು ಸಣ್ಣ ಹೋಸಿನ ಮೂಲಕ ಅದರ ಡಯಾಫ್ರಮ್ಮನ್ನು (ತೆಳು ಪೊರೆಯನ್ನು) ಎಳೆದು ಗಾಳಿಯ ದಾರಿಯನ್ನು ಮುಚ್ಚುತ್ತದೆ.

ಆ ಹುಡುಗನ ಬೈಕಿನ ಟ್ಯಾಂಕ್ ಎತ್ತಿ ನೋಡಿದೆ. ಆ ಸಣ್ಣ ಹೋಸು ಅದನ್ನು ಸಿಕ್ಕಿಸುವ ಮೂತಿಯ, ಅಂದರೆ ನಿಪ್ಪಲ್ಲಿನ, ಬುಡದಲ್ಲಿ, ಬಾಗಿದ ಜಾಗದಲ್ಲೇ, ಉಗುರಿನಷ್ಟು ಉದ್ದ ಸೀಳಿತ್ತು. ಬೆರಳಿನಿಂದ ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿಯೇ ಹಿಂದೆ ನೋಡಿದವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ನಿರ್ವಾತ ತಲುಪದ್ದರಿಂದ ವಾಲ್ವ್ ಮುಚ್ಚುತ್ತಿರಲಿಲ್ಲ, ಜೊತೆಗೆ ಅದೇ ಸೀಳಿನಿಂದ ಹೊರಗಾಳಿ ಇನ್‌ಟೇಕ್ ಸೇರಿ ಮಿಶ್ರಣ ತೆಳುವಾಗಿತ್ತು, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿತ್ತು. ಪ್ಲೇಟ್ ಹೊಡೆದಿದ್ದರೆ ಸದ್ದು ಅಡಗುತ್ತಿತ್ತು, ಆದರೆ ಸೀಳು ಹಾಗೆಯೇ ಉಳಿದು ಆ ತೆಳು ಮಿಶ್ರಣದಿಂದ ಎಂಜಿನ್ ಬಿಸಿಯೇರುತ್ತಲೇ ಇರುತ್ತಿತ್ತು. ನನಗೆ ಕಳವಳ ಇರುವುದು ಇಲ್ಲಿಯೇ. ಹೋಸ್ ಬದಲಿಸಿದೆ, ಘಾಟಿಯಲ್ಲಿ ಸದ್ದು ನಿಂತಿತು.

ರೀಡ್ ವಾಲ್ವಿನ ಪರೀಕ್ಷೆಯೂ ಕಷ್ಟವಲ್ಲ. ಫಿಲ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಅದೇ ಕಡೆಯಿಂದ ಎಳೆದರೆ ಬರಬಾರದು. ಗಾಳಿ ಪೈಪಿನೊಳಗೆ ಕಪ್ಪು ಮಸಿ ಕಂಡರೆ ಬಿಸಿ ಹೊಗೆ ಹಿಂದಕ್ಕೆ ಹರಿಯುತ್ತಿದೆ ಎಂದೇ ತಿಳಿಯಬೇಕು. ಇವೆಲ್ಲ ಸರಿಯಿದ್ದೂ ಸಿಡಿಯುತ್ತಿದ್ದರೆ ಸೈಲೆನ್ಸರ್ ಬೆಂಡಿನ ಗ್ಯಾಸ್ಕೆಟ್ ನೋಡಬೇಕು. ಅದು ಸೋರಿದರೂ ಇದೇ ಸದ್ದು.

ಈ ಪೈಪ್ ಕಿತ್ತ ಗಾಡಿಗಳನ್ನೂ ಸಾಕಷ್ಟು ನೋಡಿದ್ದೇನೆ. ನಿರ್ವಾತದ ನಿಪ್ಪಲ್ ತೆರೆದೇ ಬಿಟ್ಟದ್ದರಿಂದ ಐಡ್ಲಿಂಗ್, ಅಂದರೆ ಗಾಡಿ ನಿಂತಾಗಿನ ಎಂಜಿನ್ ಓಟ, ಏರಿಳಿಯುತ್ತದೆ. ಫಿಲ್ಟರ್ ಡಬ್ಬಿಯ ತೂತು ಮುಚ್ಚದಿದ್ದರೆ ರಸ್ತೆಯ ಧೂಳು ಫಿಲ್ಟರನ್ನು ದಾಟದೆ ನೇರ ಎಂಜಿನ್ನಿಗೆ ಸೇರಿ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಪೈಪನ್ನು ನಾನೂ ಮುಚ್ಚುತ್ತೇನೆ, ಆದರೆ ಐಡ್ಲಿಂಗ್ ಮಿಶ್ರಣ ಹೊಂದಿಸುವಾಗ ಮಾತ್ರ. ಹೊರಗಾಳಿ ಬೆರೆತರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಸಿಒ ಮೀಟರು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸ್ಕ್ರೂ ಹೊಂದಿಸಿ ಮುಗಿದೊಡನೆ ಕ್ಲಿಪ್ ತೆಗೆದು ಹೋಸನ್ನು ಮತ್ತೆ ಅದರ ಜಾಗಕ್ಕೇ ಸೇರಿಸುತ್ತೇನೆ.