ಯಮಾಗುಚಿ ಮೊಮೊಎ: ಹಾಡಿದ ಮಾತುಗಳು ಯಾರವು?

ಜಪಾನಿನ ಜನಪ್ರಿಯ ಸಂಗೀತದ ಬಗ್ಗೆ ಓದಲು ತೊಡಗಿದವರಿಗೆ ಯಮಾಗುಚಿ ಮೊಮೊಎ ಬೇಗನೆ ಎದುರಾಗುತ್ತಾಳೆ. ಯಮಾಗುಚಿ ಎನ್ನುವುದು ಮನೆತನದ ಹೆಸರು, ಮೊಮೊಎ ಅವಳ ಹೆಸರು. ಅಲ್ಲಿ ಮನೆತನದ್ದೇ ಮೊದಲು. ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಒಂದೇ ಒಂದು ದೃಶ್ಯ: 1980ರ ಅಕ್ಟೋಬರ್ 5, ಟೋಕಿಯೊದ ಬುಡೋಕಾನ್ ಸಭಾಂಗಣ. ಬಿಳಿಯುಡುಪಿನ 21 ವರ್ಷದ ಹೆಣ್ಣುಮಗಳು ಕೊನೆಯ ಹಾಡು ಮುಗಿಸಿ, ಬಿಳಿ ಮೈಕನ್ನು ವೇದಿಕೆಯ ನೆಲದ ಮೇಲಿಟ್ಟು ಹೊರಟುಹೋಗುತ್ತಾಳೆ. ಮತ್ತೆ ವೃತ್ತಿಗೆ ಮರಳುವುದಿಲ್ಲ.

ಈ ದೃಶ್ಯದ ಬೆಳಕಿಗೆ ಅದರ ಹಿಂದಿನ ಏಳೂವರೆ ವರ್ಷ ಮಸುಕಾಗುತ್ತದೆ. ಪರೀಕ್ಷೆಗೆ ಓದುವವರೂ 'ಮದುವೆಗಾಗಿ ಎಲ್ಲವನ್ನೂ ಬಿಟ್ಟವಳು' ಎಂದು ಬರೆದು ಮುಗಿಸುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಬರೆದುಕೊಂಡಿದ್ದೆ. ಈಗ ಬೇರೊಂದು ಪ್ರಶ್ನೆ ಹಿಡಿದು ಓದಲು ಸೂಚಿಸುತ್ತೇನೆ: ಅವಳು ಹಾಡುತ್ತಿದ್ದ ಮಾತುಗಳು ಯಾರವು?

ಹಿನ್ನೆಲೆ ಚಿಕ್ಕದಾಗಿ. ಹುಟ್ಟಿದ್ದು 1959ರ ಜನವರಿ 17ರಂದು, ಟೋಕಿಯೊದಲ್ಲಿ. ಬೆಳೆದದ್ದು ಕನಗಾವಾ ಪ್ರಾಂತ್ಯದ ಯೊಕೊಸುಕಾ ಎಂಬ ಬಂದರು ಊರಿನಲ್ಲಿ. ಅಮೆರಿಕದ ನೌಕಾನೆಲೆ ಇರುವ ಊರು. ಊರಿನ ಹೆಸರನ್ನು ನೆನಪಿಡಿ, ಮುಂದೆ ಎರಡು ಸಲ ಬರುತ್ತದೆ. 1972ರ ಕೊನೆಗೆ 'ಸ್ಟಾರ್ ತಾಂಜೋ' ಎಂಬ ಟಿವಿ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ. 1973ರ ಮೇ ತಿಂಗಳಲ್ಲಿ, 14ರ ವಯಸ್ಸಿನಲ್ಲಿ ಮೊದಲ ಧ್ವನಿಮುದ್ರಿಕೆ. ಅದೇ ಸ್ಪರ್ಧೆಯಿಂದ ಬಂದ ಮೊರಿ ಮಸಾಕೊ ಮತ್ತು ಸಕುರಾದಾ ಜುಂಕೊ ಜೊತೆ ಇವಳನ್ನೂ ಸೇರಿಸಿ, ಮೂವರೂ ಮಾಧ್ಯಮಿಕ ಶಾಲೆಯ ಮೂರನೆಯ ವರ್ಷದಲ್ಲಿದ್ದುದರಿಂದ, ಪತ್ರಿಕೆಗಳು ಆ ತರಗತಿಯ ಹೆಸರಿನಿಂದಲೇ 'ತ್ರಿವಳಿ' ಎಂದು ಕರೆದವು. ಮುಂದಿನ ತರಗತಿಗೆ ಹೋದಂತೆ ತ್ರಿವಳಿಯ ಹೆಸರೂ ತೇರ್ಗಡೆಯಾಗುತ್ತಾ ಹೋಯಿತು!

ಮೊದಲ ಹಾಡು ನಿರೀಕ್ಷಿಸಿದಷ್ಟು ಓಡಲಿಲ್ಲ. ಉಳಿದಿಬ್ಬರ ಪಕ್ಕದಲ್ಲಿ ಮೊಮೊಎ ಸಪ್ಪೆಯಾಗಿ ಕಾಣುತ್ತಿದ್ದಳು: ತಗ್ಗು ದನಿ, ಕಡಿಮೆ ನಗು. ಆಗ ಸಿಬಿಎಸ್ ಸೋನಿ ಕಂಪನಿಯ ನಿರ್ಮಾಪಕ ಸಕಾಯ್ ಮಸಾತೋಶಿ ತಂಡ ಒಂದು ದಾರಿ ಹಿಡಿಯಿತು. ಆ ಗಂಭೀರ ಮುಖದ ಹುಡುಗಿಯ ಬಾಯಲ್ಲಿ, ವಯಸ್ಸಿಗೆ ಮೀರಿದ ಸೂಚನೆಗಳಿರುವ ಮಾತುಗಳನ್ನು ಇಡುವುದು. 1974ರ 'ಹಿತೊನತ್ಸು ನೊ ಕೇಕೆನ್' ಹಾಡಿನಲ್ಲಿ ಹುಡುಗಿಯೊಬ್ಬಳು ತನ್ನಲ್ಲಿರುವ ಅತ್ಯಂತ ಅಮೂಲ್ಯವಾದುದನ್ನು ನಿನಗೆ ಕೊಡುತ್ತೇನೆ ಎನ್ನುತ್ತಾಳೆ. ಹಾಡಿದವಳಿಗೆ 15 ವರ್ಷ. ಬರೆದವರು, ಮಾರಿದವರು ಎಲ್ಲರೂ ದೊಡ್ಡವರು. ಇದನ್ನು 'ದಿಟ್ಟ ಪ್ರಯೋಗ' ಎಂದು ಹೊಗಳುವ ಬರಹಗಳು ಬೇಕಾದಷ್ಟಿವೆ. ನನಗೆ ಓದಲು ಕಸಿವಿಸಿಯಾಗುತ್ತದೆ. ಆ ಅಮೂಲ್ಯವಾದದ್ದು ಏನು ಎಂದು ಸಂದರ್ಶಕರು ಕೆಣಕುತ್ತಾ ಕೇಳಿದಾಗಲೆಲ್ಲ ಅವಳು ಕೊಟ್ಟ ಉತ್ತರ ಒಂದೇ ಪದ: 'ಮಗೊಕೊರೊ'. ನಿಷ್ಕಪಟ ಮನಸ್ಸು ಎಂದು ಅರ್ಥ. ಬೇರೆಯವರು ಕೊಟ್ಟ ಸಾಲಿಗೆ ತನ್ನದೇ ಅರ್ಥ ಕೊಟ್ಟ ಮೊದಲ ಸಂದರ್ಭವೆಂದು ನಾನು ಇದನ್ನು ಗುರುತು ಹಾಕಿಕೊಂಡಿದ್ದೇನೆ.

ಇಲ್ಲಿ ಸಿನಿಮಾದ ಕಡೆ ತಿರುಗೋಣ. ಜಪಾನಿನಲ್ಲಿ ನಮ್ಮಂತೆ ಹಿನ್ನೆಲೆ ಗಾಯನದ ಪದ್ಧತಿ ಬೆಳೆಯಲಿಲ್ಲ. ಹಾಡುವ ತಾರೆಯನ್ನೇ ತೆರೆಗೆ ತರುವುದು ರೂಢಿ. 1974ರ ಡಿಸೆಂಬರಿನಲ್ಲಿ ಕವಾಬಾತಾ ಯಸುನಾರಿಯ ಕಥೆಯ 'ಇಝು ನೊ ಒದೊರಿಕೊ' ಬಂತು. ನಿರ್ದೇಶಕ ನಿಶಿಕಾವಾ ಕತ್ಸುಮಿ ಅದೇ ಕಥೆಯನ್ನು 1963ರಲ್ಲೂ ತೆಗೆದಿದ್ದವರು. ಊರೂರು ಅಲೆಯುವ ನರ್ತಕಿಯಾಗಿ ಮೊಮೊಎ, ವಿದ್ಯಾರ್ಥಿಯಾಗಿ ಮಿಉರಾ ತೊಮೊಕಝು. ಮುಂದೆ ಮಿಶಿಮಾ, ತನಿಝಾಕಿ ಕಥೆಗಳಲ್ಲೂ ಇದೇ ಜೋಡಿ. ತನಿಝಾಕಿಯ 'ಶುಂಕಿನ್‌ಶೋ'ದಲ್ಲಿ ಅವಳು ಕಣ್ಣಿಲ್ಲದ, ಸಿಡುಕಿನ ಸಂಗೀತಗಾರ್ತಿ. ಅಭಿನಯದಲ್ಲಿ ಅವಳ ಬಂಡವಾಳವೂ ಆ ನಗದ ಮುಖವೇ ಎನ್ನುವುದು ಈ ಪಾತ್ರದಲ್ಲಿ ಚೆನ್ನಾಗಿ ಕಾಣುತ್ತದೆ.

ಟಿವಿಯಲ್ಲಿ ಟಿಬಿಎಸ್ ವಾಹಿನಿಯ 'ಅಕಾಯ್' ಎಂದರೆ 'ಕೆಂಪು' ಸರಣಿ. ಅದರಲ್ಲಿ 1975ರ 'ಅಕಾಯ್ ಗಿವಾಕು' ಮುಖ್ಯ. ವಿಕಿರಣ ತಗುಲಿ ರಕ್ತದ ಕ್ಯಾನ್ಸರಿಗೆ ತುತ್ತಾಗುವ ಹುಡುಗಿ, ಪ್ರೀತಿಸಿದವನು ಅಣ್ಣನೆಂದು ತಿಳಿಯುವ ತಿರುವು. ಕಣ್ಣೀರಿನ ಧಾರಾವಾಹಿಗೆ ಬೇಕಾದದ್ದೆಲ್ಲ ಇದೆ. 1984ರಲ್ಲಿ ಚೀನಾದಲ್ಲಿ ಪ್ರಸಾರವಾಗಿ, ತಾರೆ ವೃತ್ತಿ ಬಿಟ್ಟು ನಾಲ್ಕು ವರ್ಷವಾದ ಮೇಲೆ ಅಲ್ಲಿ ಅವಳು ಮನೆಮಾತಾದಳು.

ಈಗ ತಿರುವು. 1976ರ ಹೊತ್ತಿಗೆ 17 ವರ್ಷದ ಮೊಮೊಎ ರಾಕ್ ತಂಡವೊಂದರ ಉಝಾಕಿ ರ‍್ಯೂದೋ ಅವರ ಹಾಡು ಕೇಳಿ, ಇವರಿಂದ ಹಾಡು ಬೇಕು ಎಂದು ತಾನೇ ಕೇಳಿದಳು. ಉಝಾಕಿ ರಾಗ ಹಾಕಿದರು, ಅವರ ಹೆಂಡತಿ ಅಕಿ ಯೋಕೊ ಸಾಹಿತ್ಯ ಬರೆದರು. ಅಕಿ ಬೆಳೆದದ್ದೂ ಯೊಕೊಸುಕಾದಲ್ಲೇ. ಹುಟ್ಟಿದ ಹಾಡು 'ಯೊಕೊಸುಕಾ ಸ್ಟೋರಿ', ಅವಳ ಎಲ್ಲ ಹಾಡುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು. 'ಕೊರೆಕ್ಕಿರಿ' ಅಂದರೆ 'ಇಷ್ಟಕ್ಕೇ ಮುಗಿಯಿತೇ' ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲಿನ ಹಾಡುಗಳ ಹುಡುಗಿ ಕೊಡುವವಳು. ಇಲ್ಲಿನವಳು ಪ್ರಶ್ನೆ ಕೇಳುವವಳು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ದನಿ ಎರಡು ವರ್ಷದಲ್ಲಿ ಎಷ್ಟು ಕೆಳಗಿಳಿದು ಗಟ್ಟಿಯಾಗಿದೆ ಎನ್ನುವುದು ತಿಳಿಯುತ್ತದೆ.

ಈ ದಂಪತಿಯ ಹಾಡುಗಳೇ ವೃತ್ತಿಯ ತಿರುಳು. 1978ರ 'ಪ್ಲೇಬ್ಯಾಕ್ ಪಾರ್ಟ್ 2' ತೆಗೆದುಕೊಳ್ಳಿ. (ನಮಗೆ ಪ್ಲೇಬ್ಯಾಕ್ ಎಂದರೆ ಪರದೆಯ ಹಿಂದಿನ ಗಾಯಕಿ, ಇಲ್ಲಿ ನಡೆದದ್ದನ್ನು ಹಿಂದಕ್ಕೆ ತಿರುಗಿಸಿ ಕೇಳುವುದು.) ಕೆಂಪು ಪೋರ್ಷೆಯಲ್ಲಿ ಒಬ್ಬಳೇ ಹೊರಟವಳಿಗೆ, ಕನ್ನಡಿ ತಾಗಿತೆಂದು ಪಕ್ಕದ ಕಾರಿನವನು ಕೂಗಾಡುತ್ತಾನೆ; ಅವಳೂ ಸುಮ್ಮನಿರುವುದಿಲ್ಲ. ಸರಕು ಕಂಪನಿಗಳ ಹೆಸರು ಹೇಳಬಾರದೆಂಬ ನಿಯಮದಿಂದ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಹಾಡಿನ ಕಾರ್ಯಕ್ರಮದಲ್ಲಿ 'ಪೋರ್ಷೆ' ಹೋಗಿ ಬರಿಯ 'ಕುರುಮಾ', ಅಂದರೆ ವಾಹನ, ಆಯಿತು. ಅದೇ ವರ್ಷದ ಕೊನೆಯ ರಾತ್ರಿ ಎನ್‌ಎಚ್‌ಕೆಯ 'ಕೊಹಾಕು' ಎಂಬ, ಮಹಿಳಾ ಮತ್ತು ಪುರುಷ ತಂಡಗಳ ಹಾಡಿನ ಪೈಪೋಟಿಯ ಕಾರ್ಯಕ್ರಮದಲ್ಲಿ ಇದೇ ಹಾಡಿನೊಂದಿಗೆ ಮಹಿಳಾ ತಂಡದ ಕೊನೆಯ ಗಾಯಕಿ ಅವಳು. ಕೊನೆಗೆ ಹಾಡುವವರನ್ನು 'ತೋರಿ' ಎನ್ನುತ್ತಾರೆ; ಹಿರಿಯರಿಗೆ ಸಲ್ಲುವ ಗೌರವ ಅದು. ಇವಳಿಗೆ ಆಗ 19.

1979ರ 'ಬಿ ಸೈಲೆಂಟ್' ಇನ್ನೂ ವಿಚಿತ್ರ: ಬೇಡುವ ವಸ್ತುವಿನ ಹೆಸರು ಬರಬೇಕಾದ ಕಡೆ ದನಿಯೇ ಇಲ್ಲ, ತುಟಿ ಮಾತ್ರ ಅಲುಗುತ್ತದೆ. ಐದು ವರ್ಷದ ಹಿಂದೆ 'ಅದು ಏನು' ಎಂದು ಕೆಣಕಿದವರನ್ನು ನೆನೆದರೆ ಈ ಮೌನ ತಮಾಷೆಯಾಗಿಯೂ ಕೇಳಿಸುತ್ತದೆ. ಇದೇ ದಂಪತಿಯ 'ಮಂಜುಶಕ' ಎಂಬ ಹಾಡಿನ ಶೀರ್ಷಿಕೆ ನಮಗೆ ಪರಿಚಿತ ಮೂಲದ್ದು. ಸಂಸ್ಕೃತದ 'ಮಂಜೂಷಕ' ಬೌದ್ಧ ಗ್ರಂಥಗಳ ಮೂಲಕ ಚೀನಾ ದಾಟಿ ಜಪಾನಿನಲ್ಲಿ ಒಂದು ಕೆಂಪು ಹೂವಿನ ಹೆಸರಾಯಿತು. ಹಾಂಗ್‌ಕಾಂಗಿನ ಅನಿತಾ ಮುಯ್ ಇದನ್ನು ಕ್ಯಾಂಟನೀಸಿನಲ್ಲಿ ಹಾಡಿದರು. ಬುಡೋಕಾನಿನ ಕೊನೆಯ ಹಾಡಾದ 'ಸಯೊನಾರಾ ನೊ ಮುಕೋಗಾವಾ'ವನ್ನು ಅಲ್ಲಿನದೇ ಗಾಯಕ ಲೆಸ್ಲಿ ಚೆಂಗ್ ಹಾಡಿ ತಮ್ಮದಾಗಿಸಿಕೊಂಡರು. ಎಲ್ಲವೂ ಇವರಿಬ್ಬರದೇ ಎಂದುಕೊಳ್ಳಬೇಡಿ: ಮದುವೆಯ ಮುನ್ನಾದಿನದ ತಾಯಿ ಮಗಳ 'ಕಾಸ್ಮೊಸ್' ಬರೆದದ್ದು ಸದಾ ಮಸಾಶಿ ಎಂಬ ಗಾಯಕ, ರಾಷ್ಟ್ರೀಯ ರೈಲ್ವೆಯ ಪ್ರಚಾರಕ್ಕೆ ಬಳಕೆಯಾದ 'ಈ ಹಿ ತಾಬಿದಾಚಿ' ತಾನಿಮುರಾ ಶಿಂಜಿಯದು.

ಇಷ್ಟು ಓದಿದ ಮೇಲೆ ನಿವೃತ್ತಿ ಬೇರೆಯಾಗಿ ಕಾಣುತ್ತದೆ. 1979ರ ಅಕ್ಟೋಬರಿನಲ್ಲಿ ಒಸಾಕಾದ ವೇದಿಕೆಯಲ್ಲಿ, ತಾನು ಪ್ರೀತಿಸುತ್ತಿರುವುದು ಮಿಉರಾ ತೊಮೊಕಝು ಅವರನ್ನು ಎಂದು ಪ್ರೇಕ್ಷಕರಿಗೆ ತಾನೇ ಹೇಳಿದಳು. 1980ರ ಮಾರ್ಚಿನಲ್ಲಿ ಮದುವೆ ಮತ್ತು ವಿದಾಯದ ಘೋಷಣೆ. ಸೆಪ್ಟೆಂಬರಿನಲ್ಲಿ ಆತ್ಮಕಥೆ 'ಅಓಯ್ ತೊಕಿ'. ತಂದೆಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಬರೆದ ಆ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬೇರೆಯವರು ಬರೆದ ಸಾಲುಗಳಿಂದ ಬೆಳೆದವಳು ಹೊರಡುವ ಮುನ್ನ ತಾನೇ ಬರೆಯಲು ಕುಳಿತಿದ್ದಳು.

ಕೊನೆಯ ಸಿಂಗಲ್ ಬಿಡುಗಡೆಯಾದದ್ದು ಮದುವೆಯ ದಿನವೇ, 1980ರ ನವೆಂಬರ್ 19ರಂದು. ಹೆಸರು 'ಇಚಿಎ'. ಸಾಹಿತ್ಯ ಬರೆದವರ ಹೆಸರು ಶುರುವಾಗುವುದು 'ಯೊಕೊಸುಕಾ' ಎಂದು. ಅದು ಅವಳದೇ ಕಾವ್ಯನಾಮ. ಊರಿನ ಹೆಸರಿನ ನಂತರ ಇಟ್ಟಿರುವ ಅಕ್ಷರ ಮೊಮೊಎ ಹೆಸರಿನ ಕೊನೆಯಲ್ಲಿರುವ ಅಕ್ಷರವೇ. ವರ, ಅನುಗ್ರಹ ಎಂದು ಅರ್ಥ. ಮೊಮೊಎ ಎಂದು ಬರೆಯುವ ಅಕ್ಷರಗಳು ಹೇಳುವುದು 'ನೂರು ವರ'. ಇಚಿಎ ಎಂದರೆ 'ಒಂದು ವರ'.