ಓನ್ ರಿಸ್ಕ್ ಲೆಟರ್ ಹಿಡ್ಕೊಂಡು ಬರಬೇಡಿ ಮಾರಾಯ್ರೆ

ಈ ತಿಂಗಳಲ್ಲಿ ಇದು ನಾಲ್ಕನೇದು. ನೂರು ರೂಪಾಯಿ ಬಾಂಡ್ ಪೇಪರು, ನೋಟರಿ ಸೀಲು, ಐದು ಜನರ ಸೈನು, ಮಧ್ಯೆ ಇರೋದೆಲ್ಲ ಒಂದೇ ಮಾತು: ಮುಚ್ಚಿರೋ ಗಣಿಯೊಳಗೆ ನಮ್ಮ ಓನ್ ರಿಸ್ಕ್ ಮೇಲೆ ಇಳೀತೀವಿ, ಏನೇ ಆದ್ರೂ ಗಣಿಯವರನ್ನ ಹೊಣೆ ಮಾಡಲ್ಲ. ತಂದ ಹುಡುಗ ಒಳ್ಳೇವ್ನು, ಹಳೇ ಗಣಿಗಳ ಫೋಟೋ ತೆಗೀತಾನೆ. "ಅಂಕಲ್, ನಾವೇ ಬರ್ಕೊಡ್ತಿದೀವಲ್ಲ, ಇನ್ನೇನು ಬೇಕಂತೆ ಅವ್ರಿಗೆ?" ಅಂದ. ಕಾಫಿ ಕೊಟ್ಟು ಕೂರಿಸ್ಕೊಂಡು ಒಂದು ಗಂಟೆ ಹೇಳ್ದೆ, ತಲೆ ಆಡಿಸ್ದ, ಎದ್ದು ಚಪ್ಪಲಿ ಹಾಕ್ಕೊಳ್ತಾ "ಹಂಗಾದ್ರೆ ಇನ್ನೂರರ ಬಾಂಡಲ್ಲಿ ಮಾಡಿಸ್ಲಾ?" ಅಂತ ಕೇಳ್ದ. ಅದಕ್ಕೇ ಇದನ್ನ ಬರೀತಿರೋದು.

ನಾನು ಗಣಿ ವೆಂಟಿಲೇಶನ್ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡ್ಕೊಂಡೋನು, ವಕೀಲ ಅಲ್ಲ. ಕಾನೂನಿನ ಮಾತು ಬಂದ ಕಡೆ ನಿಮ್ಮ ವಕೀಲರನ್ನೂ ಒಂದ್ಸಲ ಕೇಳ್ಕೊಳ್ಳಿ. ಆದ್ರೆ ಈ ಲೆಟರ್ ವಿಷಯ ಎಷ್ಟು ಸಲ ನೋಡಿದೀನಿ ಅಂದ್ರೆ ಇದೊಂದನ್ನ ಧೈರ್ಯವಾಗಿ ಹೇಳಬಲ್ಲೆ.

ಗಣಿ ಮುಚ್ಚಿದೆ ಅಂದ್ರೆ ಅನಾಥ ಆಗಿದೆ ಅಂತ ಅರ್ಥ ಅಲ್ಲ. ಕೆಜಿಎಫ್ ತಗೊಳ್ಳಿ, 1880ರಲ್ಲಿ ಜಾನ್ ಟೇಲರ್ ಅನ್ನೋ ಬ್ರಿಟಿಷ್ ಕಂಪನಿ ಕೈಗೆ ಬಂತು, 1972ರಲ್ಲಿ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತ್ಹೋಯ್ತು. ನಿಂತಿದ್ದು ಕೆಲಸ, ಜಾಗಕ್ಕೆ ವಾರಸುದಾರರು ಇದ್ದೇ ಇದಾರೆ. ಕಪ್ಪತಗುಡ್ಡದಲ್ಲಿ ಬ್ರಿಟಿಷ್ ಕಾಲದ ಕಂಪನಿಗಳು ಚಿನ್ನಕ್ಕಂತ ತೋಡಿದ ಸುರಂಗಗಳಿವೆ, ಆ ಕಂಪನಿಗಳು ಎಂದೋ ಹೋದ್ವು, ಆದ್ರೆ ಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿ ಫಾರೆಸ್ಟ್‌ನವರನ್ನ ಕೇಳದೆ ಸುರಂಗದ ಬಾಯಿ ತನಕ ಹೋದ್ರೂ ಕಷ್ಟ. ಯಾರೋ ಒಬ್ರು ಯಾವಾಗ್ಲೂ ಇರ್ತಾರೆ, ಮತ್ತೆ ಶಾಫ್ಟ್ ಅಂದ್ರೆ ನೆಟ್ಟಗೆ ಕೆಳಗೆ ತೋಡಿದ ಗಣಿ ಬಾವಿ, ಅದರ ಬಾಯಿಗೆ ಬೇಲಿ ಹಾಕಿ ಜನ ಬೀಳದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ಅವ್ರ ತಲೆ ಮೇಲೇ ಇರುತ್ತೆ.

ಈಗ ಆ ಮೇಜಿನ ಹಿಂದೆ ಕೂತಿರೋ ಆಫೀಸರ್ ಜಾಗದಲ್ಲಿ ನೀವು ಕೂತ್ಕೊಳ್ಳಿ. ಒಬ್ಬ ಹೇಳದೆ ಕೇಳದೆ ಬೇಲಿ ಹಾರಿ ಬಿದ್ದ ಅಂದ್ರೆ ನೀವು "ಬೇಲಿ ಇತ್ತು, ಬೋರ್ಡ್ ಇತ್ತು, ನಂಗೆ ಗೊತ್ತಿರ್ಲಿಲ್ಲ" ಅನ್ನಬಹುದು. ಅದೇ ಮನುಷ್ಯ ಮೊದಲೇ ಒಂದು ಓನ್ ರಿಸ್ಕ್ ಲೆಟರ್ ಕೊಟ್ಟು, ನೀವದನ್ನ ಸೀಲ್ ಹಾಕಿ ತಗೊಂಡಿದ್ರೆ? ಇಂಥ ದಿನ ಇಂಥವರು ಒಳಗೆ ಇಳೀತಾರೆ ಅಂತ ನಿಮಗೆ ಗೊತ್ತಿತ್ತು, ಅದಕ್ಕೆ ನಿಮ್ಮದೇ ಆಫೀಸಿನ ಸೀಲ್ ಸಾಕ್ಷಿ. ನಿಮ್ಮನ್ನ ಉಳಿಸುತ್ತೆ ಅಂತ ಅವರು ತಂದ ಕಾಗದ ನಿಮ್ಮನ್ನೇ ಸಿಗಿಸುತ್ತೆ. ಅದಕ್ಕೇ ಬುದ್ಧಿ ಇರೋ ಆಫೀಸರ್ ಅದನ್ನ ಮುಟ್ಟೋದೇ ಇಲ್ಲ, ನೀವು ಹೊರಗೆ ಬಂದು "ದುಡ್ಡು ನಿರೀಕ್ಷೆ ಮಾಡ್ತಿದಾನೆ" ಅಂತೀರಿ. ಪಾಪ, ಅವನು ಪೆನ್ಷನ್ ನಿರೀಕ್ಷೆ ಮಾಡ್ತಿದಾನೆ ಅಷ್ಟೇ.

ಇನ್ನೊಂದು, ನಿಮ್ಮನ್ನ ಎತ್ತಕ್ಕೆ ಇಳಿಯೋರು ಯಾವ ಬಾಂಡಿಗೂ ಸೈನ್ ಹಾಕಿರಲ್ಲ. 2020ರ ಮೇ ತಿಂಗಳಲ್ಲಿ ಕೆಜಿಎಫ್‌ನ ಮಾರಿಕುಪ್ಪಂ ಕಡೆ ಹಳೇ ಗಣಿಯೊಳಗೆ ಕದಿಯಕ್ಕೆ ಇಳಿದ ಮೂರು ಜನ ಉಸಿರುಗಟ್ಟಿ ಸತ್ರು. ಅವರು ಕಳ್ಳರು ನಾವು ಕಲಾವಿದರು ಅಂತ ಗಾಳಿಗೇನು ಗೊತ್ತಾಗಲ್ಲ. ಆ ಹೆಣ ಮೇಲೆ ತರಕ್ಕೆ ಇನ್ಯಾರ ಮನೆ ಮಕ್ಕಳೋ ಅದೇ ಗಾಳಿಯೊಳಗೆ ಇಳೀಬೇಕು.

ಗಾಳಿ ಅಂದೆ ನೋಡಿ. ರಿಸ್ಕ್ ನಮ್ಮದು ಅಂತ ಬರ್ಕೊಡಕ್ಕೆ ಆ ರಿಸ್ಕ್ ಏನು ಅಂತ ಗೊತ್ತಿರ್ಬೇಕು ತಾನೆ? "ಗ್ಯಾಸ್ ಇದ್ರೆ ವಾಸನೆ ಬರುತ್ತೆ ಸಾರ್, ವಾಪಸ್ ಬಂದುಬಿಡ್ತೀವಿ" ಅಂತಾರೆ. ಹಳೇ ಗಣಿಯಲ್ಲಿ ಹೆಚ್ಚಿನ ಸಲ ಕೊಲ್ಲೋದು ಇರೋ ಗ್ಯಾಸ್‌ಗಿಂತ ಇಲ್ಲದ ಆಕ್ಸಿಜನ್ನು. ಮರದ ಕಂಬ ಕೊಳೆಯುತ್ತೆ, ಬಂಡೆಯೊಳಗಿನ ಗಂಧಕದ ಖನಿಜ ತುಕ್ಕು ಹಿಡಿದಂಗೆ ಹಿಡಿಯುತ್ತೆ, ಎರಡೂ ಸುಮ್ನೆ ಕೂತು ಆಕ್ಸಿಜನ್ ತಿಂತಿರ್ತವೆ. ಉಸಿರು ಕಟ್ತಿದೆ ಅಂತ ನಮಗೆ ಅನ್ಸೋದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದಾಗ, ಬರೀ ಆಕ್ಸಿಜನ್ ಕಮ್ಮಿ ಆದ್ರೆ ಏನೂ ಅನ್ಸಲ್ಲ, ಸ್ವಲ್ಪ ಖುಷಿ ಖುಷಿ ಅನ್ಸಬಹುದು, ಆಮೇಲೆ ಮೊಣಕಾಲು ಮಡಚ್ಕೊಳ್ಳುತ್ತೆ. ನಾವು ಉಸಿರಾಡೋ ಗಾಳಿಯಲ್ಲಿ 21 ಪರ್ಸೆಂಟ್ ಹತ್ರ ಇರುತ್ತೆ, ಮೇಣದಬತ್ತಿ 16-17ಕ್ಕೆ ಆರುತ್ತೆ, ಕಾರ್ಬೈಡ್ ದೀಪ ಅದಕ್ಕಿಂತ ತುಂಬಾ ಕೆಳಗಿನ ತನಕ ಉರೀತಾನೇ ಇರುತ್ತೆ, ನಿಮ್ಮ ಎಲ್‌ಇಡಿ ಟಾರ್ಚ್ ಅಂತೂ ನೀವು ಸತ್ತ ಮೇಲೂ ಚೆನ್ನಾಗಿ ಉರಿಯುತ್ತೆ. ಇನ್ನು "ಹೋದ ವಾರ ಹೋಗಿದ್ವಿ, ಏನೂ ಆಗಿಲ್ಲ" ಅನ್ನೋರಿಗೆ: ಗಣಿಯೂ ಉಸಿರಾಡುತ್ತೆ. ಹೊರಗೆ ಹವಾ ಒತ್ತಡ ಜಾಸ್ತಿ ಇದ್ದ ದಿನ ಒಳ್ಳೇ ಗಾಳಿ ಒಳಗೆಳ್ಕೊಳ್ಳುತ್ತೆ, ಮೋಡ ಕಟ್ಟಿ ಒತ್ತಡ ಇಳಿದ ದಿನ ಒಳಗಿನ ಕೆಟ್ಟ ಗಾಳಿ ಬಾಯಿ ತನಕ ಬರುತ್ತೆ. ಹೋದ ವಾರದ ಗಣಿ ಈ ವಾರ ಇರಲ್ಲ.

ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಅನ್ನೋ ಗಣಿ 3.2 ಕಿಲೋಮೀಟರ್ ಆಳ. 1965ರಲ್ಲಿ ಅದೇ ಗಣಿಯೊಳಗೆ ಎರಡು ಕಿಲೋಮೀಟರ್‌ಗೂ ಕೆಳಗೆ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಸೂಕ್ಷ್ಮ ಕಣ ಹಿಡಿದ್ರು. ಆ ಜಾಗ ನೋಡ್ಬೇಕು ಅಂತ ವರ್ಷಕ್ಕೆ ಒಬ್ಬರಾದ್ರೂ ಕೇಳ್ತಾರೆ. ಪಂಪ್ ನಿಂತ ಮೇಲೆ ನೀರು ತುಂಬಿದೆ ಸ್ವಾಮಿ, ಯಾವ ಲೆಟರೂ ಈಜಲ್ಲ ಅಲ್ಲಿ.

ಸರಿ, ಇಷ್ಟೇ ಆಗಿದ್ರೆ ಎಲ್ಲಾನೂ ಮುಚ್ಚಿಬಿಡಿ ಅಂತಿದ್ದೆ. ಆದ್ರೆ ನನಗೆ ಈ ಹುಚ್ಚು ಹುಡುಗ್ರ ಮೇಲೆ ಪ್ರೀತಿ ಇದೆ, ಯಾಕಂದ್ರೆ ಹಳೇ ಗಣಿ ಬಗ್ಗೆ ತಲೆ ಕೆಡಿಸ್ಕೊಳ್ಳೋರು ಅವರನ್ನ ಬಿಟ್ರೆ ಗುಜರಿಯವ್ರು ಮಾತ್ರ. ತೊಂದರೆ ಏನಂದ್ರೆ ಅವರವರಲ್ಲೇ ಆಗಲ್ಲ. ಫೋಟೋದವ್ರು ಎಲ್ಲರಿಗೂ ತೋರಿಸ್ಬೇಕು ಅಂತಾರೆ. ನಕ್ಷೆ ಮಾಡೋರು ಜಾಗದ ಹೆಸರು ಹೊರಗೆ ಬಿಟ್ರೆ ಮಾರನೇ ದಿನ ಗುಜರಿ ಆಟೋ ಬರುತ್ತೆ ಅಂತಾರೆ, ಅದು ನಿಜಾನೇ. ಮೂರನೇ ಗುಂಪು ಕಬ್ಬಿಣ ತುಕ್ಕು ಹಿಡಿದು ಹೋಗೋ ಮೊದ್ಲು ನಾವಾದ್ರೂ "ಉಳಿಸ್ತೀವಿ" ಅಂತ ಬ್ಯಾಗಿಗೆ ಹಾಕ್ಕೊಳ್ಳುತ್ತೆ. ಒಂದು ಕಡೆ, ಊರು ಹೇಳಲ್ಲ, ಗಣಿಯವ್ರೇ ಸುರಂಗದ ಬಾಯಿಗೆ ಒಂದು ಗ್ರಿಲ್ ಗೇಟ್ ಹಾಕಿ ಒಂದು ಗುಂಪಿಗೆ ಬಾಯಿಮಾತಲ್ಲೇ ಕೀ ಕೊಟ್ಟಿದ್ರು. ಇನ್ನೊಂದು ಗುಂಪಿಗೆ ಹೊಟ್ಟೆ ಉರೀತು, ಬೀಗ ಕತ್ತರಿಸಿ ತಮ್ಮ ಬೀಗ ಹಾಕಿದ್ರು. ಮೊದಲನೇ ಗುಂಪಿನವ್ರು ಅದನ್ನ ಕತ್ತರಿಸಿದ್ರು. ಮೂರು ತಿಂಗಳು ಹಿಂಗೇ ಬೀಗದ ಜಗಳ, ಇಬ್ಬರ ಹತ್ರಾನೂ ಓನ್ ರಿಸ್ಕ್ ಲೆಟರ್ ಇತ್ತು ಮತ್ತೆ! ಗಣಿಯವರು ಒಂದು ದಿನ ಲೋಡ್ ಕಾಂಕ್ರೀಟ್ ತರಿಸಿ ಬಾಯಿ ಮುಚ್ಚಿ ಕೈ ತೊಳ್ಕೊಂಡ್ರು. ಒಳಗಿದ್ದ ಬಾವಲಿಗಳೂ ಅಲ್ಲೇ. ಗ್ರಿಲ್ ಅಂದ್ರೆ ಅಡ್ಡ ಸರಳು, ನಡುವೆ ಬಾವಲಿ ಹಾರೋವಷ್ಟು ಜಾಗ, ಮನುಷ್ಯ ನುಗ್ಗಕ್ಕಾಗಲ್ಲ, ಗಾಳಿನೂ ಆಡುತ್ತೆ. ಕೋಲಾರ ಜಿಲ್ಲೆಯ ಹನುಮನಹಳ್ಳಿ ಗುಹೆಯಲ್ಲಿ ಮಾತ್ರ ಉಳಿದಿರೋ ಒಂದು ಜಾತಿ ಬಾವಲಿ ಕಥೆ ಗೊತ್ತಿರೋರಿಗೆ ನಾನು ಯಾಕೆ ಸಿಟ್ಟಾಗ್ತೀನಿ ಅಂತ ಅರ್ಥ ಆಗುತ್ತೆ.

ಆ ಗಲಾಟೆ ಮುಗಿದ ಮೇಲೆ ಒಬ್ಬ ನಮ್ಮನೆಗೆ ಬಂದು ಕರ್ಚೀಫ್ ಬಿಚ್ಚಿ ಒಂದು ಹಿತ್ತಾಳೆ ಬಿಲ್ಲೆ ಇಟ್ಟ. ಎಂಟಾಣೆಗಿಂತ ಸ್ವಲ್ಪ ದೊಡ್ಡದು, ಮೇಲೆ ತೂತು, ಮೂರು ಅಂಕಿ, ಅಂಚೆಲ್ಲ ಬೆರಳು ತಾಕಿ ತಾಕಿ ನುಣ್ಣಗಾಗಿತ್ತು. ಕೆಳಗೆ ಇಳಿಯೋವಾಗ ತಗೊಂಡು ಮೇಲೆ ಬಂದಾಗ ವಾಪಸ್ ಕೊಡೋ ಟೋಕನ್ನು, ಯಾರು ಇನ್ನೂ ಒಳಗಿದಾರೆ ಅಂತ ಲೆಕ್ಕ ಇಡಕ್ಕೆ. "ಎಲ್ಲಿ ಸಿಕ್ತಪ್ಪ?" ಅಂದೆ. ಹೇಳಲ್ಲ ಅಂದ, ಎದುರು ಗುಂಪಿನವ್ರಿಗೆ ಗೊತ್ತಾಗುತ್ತಂತೆ. ಮೇಲಿನ ಬೋರ್ಡಲ್ಲಿ ನೇತಾಡ್ತಿತ್ತಾ, ಕೆಳಗೆ ಯಾವುದೋ ಮೂಲೆಯಲ್ಲಿ ಬಿದ್ದಿತ್ತಾ ಅನ್ನೋದರಲ್ಲೇ ಎಲ್ಲ ಇರೋದು. ಮೊದಲನೇದಾದ್ರೆ ಆ ನಂಬರಿನ ಕೆಲಸಗಾರ ಮನೆಗೆ ಹೋದ. ಎರಡನೇದಾದ್ರೆ... ನೋಡಿ, ಅದನ್ನ ಇನ್ನು ಯಾರೂ ಹೇಳಕ್ಕಾಗಲ್ಲ.

ಬೇರೆ ಕಡೆ ಇದನ್ನ ಸರಿಯಾಗಿ ಮಾಡಿರೋರಿದಾರೆ. ಇಂಗ್ಲೆಂಡಿನ ಆಲ್ಡರ್ಲಿ ಎಡ್ಜ್‌ನಲ್ಲಿ ಕಂಚಿನ ಯುಗದಿಂದ ತಾಮ್ರ ತೋಡಿದ ಗಣಿಗಳಿವೆ, ಜಾಗ ಹಳೇ ತಾಣಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆದು, ಒಳಗಿನ ಉಸ್ತುವಾರಿ ಡರ್ಬಿಶೈರ್ ಕೇವಿಂಗ್ ಕ್ಲಬ್ ಅನ್ನೋ ಹವ್ಯಾಸಿಗಳ ಗುಂಪಿಂದು. ಗೇಟ್ ಇದೆ, ಕೀ ಇದೆ, ಜನರನ್ನ ಕರ್ಕೊಂಡು ಹೋಗಿ ತೋರಿಸ್ತಾರೆ. 1995ರಲ್ಲಿ ಅಲ್ಲಿ ಒಂದು ಮಡಕೆ ಸಿಕ್ತು, ಒಳಗೆ 564 ರೋಮನ್ ನಾಣ್ಯ. ಅದು ಎಲ್ಲಿ ಸಿಕ್ತು ಅಂತ ಗೊತ್ತಿದ್ದಿದ್ರಿಂದ ಆ ಶಾಫ್ಟೇ ರೋಮನ್ನರ ಕಾಲದ್ದು ಅಂತ ತಿಳೀತು. ನಮ್ಮ ಹುಡುಗನ ಕರ್ಚೀಫಲ್ಲಿ ಬಂದಿದ್ರೆ ಬರೀ 564 ನಾಣ್ಯ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲೂ ಬ್ರಿಟಿಷರಿಗಿಂತ ಬಹಳ ಹಿಂದೆ ಬೆಂಕಿ ಹಾಕಿ ಬಂಡೆ ಒಡೆದು ಚಿನ್ನ ತೆಗೆದ ಗುರುತುಗಳಿದ್ವು.

ಹಾಗಾಗಿ ಕೇಳೋದಾದ್ರೆ ಓನ್ ರಿಸ್ಕ್ ಅಂತ ಕೇಳಬೇಡಿ, ಮಾಲೀಕನ ರಿಸ್ಕ್ ಕಮ್ಮಿ ಮಾಡೋ ಹಾಗೆ ಕೇಳಿ. ಯಾರು ಲೀಡರ್, ಅವನಿಗೆ ಅನುಭವ ಏನು, ಗ್ಯಾಸ್ ಮೀಟರ್ ಯಾವಾಗ ಚೆಕ್ ಮಾಡಿಸಿದ್ದು, ಎಲ್ಲಿ ತನಕ ಮಾತ್ರ ಹೋಗ್ತೀರಿ, ಹೊರಗೆ ಕೂರೋದು ಯಾರು, ಎಷ್ಟು ಗಂಟೆಗೆ ಬರದಿದ್ರೆ ಯಾರಿಗೆ ಫೋನು, ಇನ್ಶೂರೆನ್ಸು, ಒಂದು ವಸ್ತುವನ್ನೂ ಎತ್ತಲ್ಲ ಅನ್ನೋ ಮಾತು, ಮಾಡಿದ ನಕ್ಷೆಯ ಒಂದು ಕಾಪಿ ಅವರಿಗೆ. ಇದೆಲ್ಲ ಇದ್ರೂ ಆಳದ ಶಾಫ್ಟಿಗೆ ಬಿಡ್ತಾರೆ ಅಂತ ನಾನು ಹೇಳಲ್ಲ, ಬಿಡಲೂಬಾರ್ದು. ಬೆಟ್ಟದ ಪಕ್ಕಕ್ಕೆ ನೇರವಾಗಿ ತೋಡಿದ ಸಣ್ಣ ಸುರಂಗಕ್ಕೆ ಬಿಡಬಹುದು.

ಇನ್ನೂರರ ಬಾಂಡ್ ಕೇಳಿದ್ನಲ್ಲ, ಆ ಹುಡುಗನ್ನ ಮತ್ತೆ ಕರೆಸಿ ಇದನ್ನೆಲ್ಲ ಸೇರಿಸಿ ಏಳು ಪುಟದ ಅರ್ಜಿ ಬರೆಸಿದೆ, ನಕ್ಷೆ ಲಗತ್ತಿಸಿ, ಗ್ಯಾಸ್ ಮೀಟರ್ ಸರ್ಟಿಫಿಕೇಟ್ ಸಮೇತ. ಮೊನ್ನೆ ಆಫೀಸಿಂದ ವಾಪಸ್ ಬಂತು, ಮೇಲೊಂದು ಚೀಟಿ: "ಅರ್ಜಿದಾರರು ಓನ್ ರಿಸ್ಕ್ ಬಾಂಡ್ ಲಗತ್ತಿಸಿರುವುದಿಲ್ಲ." ಫೋನ್ ಮಾಡಿ ಕೇಳ್ದೆ. "ಗೊತ್ತು ಸಾರ್, ಪ್ರಯೋಜನ ಇಲ್ಲ," ಅಂದ್ರು ಅಲ್ಲಿಯವ್ರು, "ಫೈಲಲ್ಲೊಂದು ಇರ್ಲಿ ಅಂತ ಅಷ್ಟೇ."