ಬಾಯಿ ತುಂಬ ಮೊಟ್ಟೆ

ನಮ್ಮನೆ ಅಕ್ವೇರಿಯಂನ ಹಳದಿ ಮೀನೊಂದು ನಾಲ್ಕು ದಿನದಿಂದ ಊಟ ಬಿಟ್ಟಿತ್ತು. ಪೆಲೆಟ್ ಹಾಕಿದರೆ ಉಳಿದವೆಲ್ಲ ಮುಗಿಬೀಳುತ್ತಿದ್ದವು, ಇದು ಮಾತ್ರ ಕಲ್ಲಿನ ಸಂದಿಯಲ್ಲಿ ಸುಮ್ನೆ ನಿಂತಿರುತ್ತಿತ್ತು. ಕಾಯಿಲೆ ಇರಬೇಕು ಅಂದುಕೊಂಡೆ. ಗಾಜಿನ ಹತ್ತಿರ ಕೂತು ನೋಡಿದಾಗ ಗೊತ್ತಾಯಿತು. ಗದ್ದದ ಕೆಳಗೆ ಚೀಲದ ಹಾಗೆ ಉಬ್ಬಿದೆ. ಆಗಾಗ ನೀರು ಮುಕ್ಕಳಿಸಿದಂತೆ ದವಡೆ ಆಡಿಸುತ್ತದೆ. ಆ ಬಾಯಿ ತುಂಬ ಮೊಟ್ಟೆ!

ಅಂಗಡಿಗಳಲ್ಲಿ ಎಲೆಕ್ಟ್ರಿಕ್ ಯೆಲ್ಲೋ ಅಂತ ಮಾರುವ ಈ ಮೀನಿನ ತವರು ಆಫ್ರಿಕಾದ ಮಲಾವಿ ಸರೋವರ. ಉದ್ದ 550 ಕಿ.ಮೀ.ಗೂ ಜಾಸ್ತಿ, ಆಳ ಸುಮಾರು 700 ಮೀಟರ್. ಇದು ಸೇರಿದ ಸಿಕ್ಲಿಡ್ ಎಂಬ ಮೀನಿನ ಕುಟುಂಬದ ನೂರಾರು ಜಾತಿಗಳು ಅಲ್ಲಿವೆ, ಹೆಚ್ಚಿನವು ಬೇರೆಲ್ಲೂ ಇಲ್ಲ. ದಡದ ಬಂಡೆಗಳ ನಡುವೆ ಬದುಕುವ ಗುಂಪಿಗೆ ಅಲ್ಲಿನವರು ಎಂಬುನಾ ಅನ್ನುತ್ತಾರೆ. ನೀಲಿ, ಹಳದಿ, ಕಿತ್ತಳೆ. ಸಿಹಿನೀರಿನ ಮೀನಿಗೆ ಇಷ್ಟೊಂದು ಬಣ್ಣವಾ ಅನ್ನಿಸುತ್ತದೆ.

ಅಷ್ಟು ಬಾಯಿಗಳ ನಡುವೆ ಬಂಡೆ ಮೇಲೆ ಮೊಟ್ಟೆ ಬಿಟ್ಟು ಹೋದರೆ ಉಳಿಯುತ್ತದಾ? ಅದಕ್ಕೇ ತಾಯಿ ಮೊಟ್ಟೆ ಇಟ್ಟ ಕೂಡಲೇ ತಿರುಗಿ ಬಾಯಿಗೆ ತೆಗೆದುಕೊಳ್ಳುತ್ತಾಳೆ. ಹಲವು ಜಾತಿಗಳಲ್ಲಿ ಗಂಡಿನ ಹೊಟ್ಟೆ ಕೆಳಗಿನ ರೆಕ್ಕೆಯ ಮೇಲೆ ಮೊಟ್ಟೆಯಂಥದೇ ದುಂಡು ಚುಕ್ಕಿಗಳಿರುತ್ತವೆ. ಹೆಣ್ಣು ಅಲ್ಲಿ ಬಾಯಿ ಹಾಕುವಾಗ ಗಂಡಿನ ವೀರ್ಯ ಬಾಯೊಳಗೆ ಸೇರಿ, ಮೊಟ್ಟೆ ಅಲ್ಲೇ ಫಲಿಸುತ್ತದೆ. ಆಮೇಲೆ ಮೂರು ವಾರಕ್ಕೂ ಮೇಲೆ ಉಪವಾಸ. ಮುಕ್ಕಳಿಸುವುದು ಮೊಟ್ಟೆಗಳಿಗೆ ಹೊಸ ನೀರು, ಆಮ್ಲಜನಕ ಸಿಗಲೆಂದು.

ಇಂಥ ತಾಯಿಗೆ ನಾವು ಕೊಡಬೇಕಾದದ್ದು ಅಡಗಲು ಕಲ್ಲಿನ ಸಂದಿ, ಮತ್ತೆ ಒಳ್ಳೆ ನೀರು. ಮಲಾವಿಯ ನೀರು ಕ್ಷಾರದ್ದು, ಹುಳಿ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 8. ಪಾತ್ರೆ ಮೇಲೆ ಬಿಳಿ ಕಲೆ ಬಿಡುವ ನಮ್ಮ ಬೋರ್‌ವೆಲ್ ನೀರು ಇವಕ್ಕೆ ಒಗ್ಗಿದೆ. ಆದರೆ ಕ್ಷಾರದ ನೀರಿನಲ್ಲಿ ಒಂದು ಅಪಾಯವಿದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪ, ಒಂದು ಅಷ್ಟು ತೊಂದರೆ ಕೊಡದು, ಇನ್ನೊಂದು ವಿಷ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಹತ್ತಿರ ಹತ್ತಿರ 10 ಪಟ್ಟು ಹೆಚ್ಚುತ್ತದೆ! ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಡುಕಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಹೋಗುತ್ತದೆ.

ಇದು ಗೊತ್ತಿಲ್ಲದೆ ಮೊದಲ ವರ್ಷ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಚೆನ್ನಾಗಿ ಹಿಂಡಿ ತೊಳೆದಿದ್ದೆ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾಗಳು ಸತ್ತು ನೀರಿನಲ್ಲಿ ಅಮೋನಿಯಾ ಏರಿತು, ಎರಡೇ ದಿನದಲ್ಲಿ ಎರಡು ಮೀನು ಸತ್ತವು. ಈಗ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದ್ದಿ ತೊಳೆಯುತ್ತೇನೆ.

ಇಪ್ಪತ್ತನಾಲ್ಕನೇ ದಿನ ಸಂಜೆ ಅವಳು ಕಲ್ಲಿನ ಮೂಲೆಯಲ್ಲಿ ಬಾಯಿ ತೆರೆದಳು. ಅಕ್ಕಿ ಕಾಳಿನಷ್ಟು ಮರಿಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು. ಒಂದೊಂದೂ ಸೀದಾ ಕಲ್ಲಿನ ಅಡಿಗೆ ನುಗ್ಗಿತು. ಗದ್ದ ಇಳಿದು, ಹೊಟ್ಟೆ ಒಳಗೆ ಹೋಗಿ, ಅವಳು ಬಡಕಲಾಗಿ ಕಾಣುತ್ತಿದ್ದಳು. ಎರಡು ಪೆಲೆಟ್ ಹಾಕಿದೆ. ಮೇಲೆ ಬಂದು ತಿಂದಳು.